ಶನಿ ಬಿಡಿಸಿದ ಮುನಿಗೆ ಗುರು ಯಾರು?

ದಕ್ಷಿಣ ಕನ್ನಡದಲ್ಲೂ ಒಂದು ಕಡಬ ಇದೆ. ಇಲ್ಲಿ ಹೇಳುತ್ತಿರುವುದು ಗುಬ್ಬಿ ತಾಲ್ಲೂಕಿನ ಕಡಬದ ಮಾತು. ಸುತ್ತಲಿನ ಊರಿನವರಿಗೆ ಈ ಹೆಸರು ಕೇಳಿದೊಡನೆ ಶಿಂಷಾ ನದಿಗೆ ಕಟ್ಟಿದ ದೊಡ್ಡ ಕೆರೆ ನೆನಪಾಗುತ್ತದೆ. ಶಾಸನಗಳ ಗೀಳು ಹತ್ತಿಸಿಕೊಂಡವರಿಗೆ ನೆನಪಾಗುವುದು ಒಂದು ತಾಮ್ರಪಟ. ಪ್ರಭೂತವರ್ಷನೆಂಬ ಬಿರುದಿದ್ದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದ ಶಕ 735ರಲ್ಲಿ, ಎಂದರೆ ಕ್ರಿ.ಶ. 812-13ರ ಸುಮಾರಿಗೆ, ಜಾಲಮಂಗಲವೆಂಬ ಹಳ್ಳಿಯನ್ನು ಅರ್ಕಕೀರ್ತಿ ಎಂಬ ಜೈನ ಮುನಿಗೆ, ಶಿಲಾಗ್ರಾಮದ ಜಿನಾಲಯದ ಸಲುವಾಗಿ, ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಚಕ್ರವರ್ತಿಗೆ ಅರಿಕೆ ಮಾಡಿಕೊಂಡವನು ಗಂಗಮಂಡಲವನ್ನು ಆಳುತ್ತಿದ್ದ ಚಾಕಿರಾಜ. ದತ್ತಿಗೆ ಕೊಟ್ಟಿರುವ ಕಾರಣವೇ ಸ್ವಾರಸ್ಯದ್ದು. ಕುನುಂಗಿಲ್ ದೇಶವನ್ನು, ಎಂದರೆ ಇವತ್ತಿನ ಕುಣಿಗಲ್ ಸೀಮೆಯನ್ನು, ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಕಾಟ ಅಂಟಿಕೊಂಡಿತ್ತು. ಅರ್ಕಕೀರ್ತಿ ಅದನ್ನು ಬಿಡಿಸಿದ. ಒಬ್ಬ ಅಧಿಕಾರಿಯ ಪೀಡೆ ನೀಗಿಸಿದ್ದಕ್ಕೆ ಒಂದು ಇಡೀ ಹಳ್ಳಿ ಸಂದಾಯವಾಯಿತು. ಮನಸ್ಸಿನ ನೆಮ್ಮದಿಗೆ ಸಂಬಂಧಿಸಿದ ಕಸುಬಿಗೆ ತುಮಕೂರು ಸೀಮೆಯಲ್ಲಿ ಸಿಕ್ಕ ಪ್ರತಿಫಲಗಳಲ್ಲಿ ಇದಕ್ಕಿಂತ ದೊಡ್ಡದನ್ನು ದಾಖಲೆಗಳಲ್ಲಿ ಹುಡುಕುವುದು ಕಷ್ಟ.

ವಿಮಲಾದಿತ್ಯನನ್ನು ಕಾಡಿದ್ದು ಇಂದಿನವರು ಖಿನ್ನತೆ ಎನ್ನುವ ಕಾಯಿಲೆಯೋ, ಆತಂಕವೋ, ಬರಿಯ ಗ್ರಹಚಾರದ ಹೆದರಿಕೆಯೋ ಎಂದು ಹನ್ನೆರಡು ಶತಮಾನಗಳ ಈಚೆಗೆ ಕುಳಿತು ತೀರ್ಮಾನಿಸಲು ಹೊರಡುವುದು ಜಾಣತನವಲ್ಲ. ಬಿಡಿಸಿದ್ದು ನಿಜವಾಗಿ ಬಿಟ್ಟಿತೇ ಎಂದು ಕೇಳುವುದೂ ಅಷ್ಟೇ. ನನ್ನ ಕುತೂಹಲ ಬೇರೆ ಕಡೆಗಿದೆ. ಅರ್ಕಕೀರ್ತಿ ಯಾವ ಮಂತ್ರ ಹೇಳಿದ, ಯಾವ ವ್ರತ ಮಾಡಿಸಿದ, ಎಷ್ಟು ದಿನ ಹಿಡಿಯಿತು ಎಂಬ ವಿವರಗಳಿಗೆ ತಾಮ್ರಪಟ ಜಾಗ ಕೊಟ್ಟಿಲ್ಲ. ಅದು ಜಾಗ ಕೊಟ್ಟಿರುವುದು ಅವನ ಗುರುಪರಂಪರೆಗೆ: ಯಾಪನೀಯ ನಂದಿಸಂಘ, ಪುನ್ನಾಗವೃಕ್ಷಮೂಲಗಣ, ಅದರಲ್ಲಿ ವಿಜಯಕೀರ್ತಿ, ಆ ವಿಜಯಕೀರ್ತಿಯ ಶಿಷ್ಯ ಅರ್ಕಕೀರ್ತಿ. ಹಳ್ಳಿಯೊಂದರ ಹುಟ್ಟುವಳಿಯನ್ನು ಬಿಟ್ಟುಕೊಡುವ ಮುಂಚೆ ಅರಮನೆ ತಿಳಿಯಬಯಸಿದ್ದು ಈ ಮನುಷ್ಯ ಯಾರ ಕೈಕೆಳಗೆ ಪಳಗಿದವನು, ಅವನ ಹಿಂದೆ ಯಾರಿದ್ದಾರೆ ಎಂಬುದನ್ನು. ಇದು ಆಮೇಲಿನವರು ಬರೆಸಿದ ಪಟ ಎಂದು ನಾಳೆ ಯಾರಾದರೂ ಸಾಧಿಸಿ ತೋರಿಸಿದರೂ ನನ್ನ ಮಾತಿಗೆ ಕುಂದಿಲ್ಲ. ದತ್ತಿಯನ್ನು ನಂಬಿಸಬೇಕಾದರೆ ಗುರುಪರಂಪರೆಯನ್ನು ಬರೆಯಲೇಬೇಕು ಎಂದು ಬರೆಸಿದವನಿಗೂ ಗೊತ್ತಿತ್ತು ಎಂದಾಗುತ್ತದೆ. ನೊಂದ ಮನಸ್ಸನ್ನು ಸಂತೈಸುವ ಕಸುಬಿನಲ್ಲಿ ಅನ್ನ ಹುಟ್ಟಿಸಿದ್ದು ಕಲಿತ ವಿದ್ಯೆಯಷ್ಟೇ ಅಲ್ಲ, ಕಲಿಸಿದವರ ಹೊಣೆಗಾರಿಕೆ. ಆನ್‌ಲೈನಿನಲ್ಲಿ ಮನಃಶಾಸ್ತ್ರದ ಪದವಿ ಪಡೆದ ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳು ಕೆಲಸ ಕೇಳಲು ಹೋದಾಗ ಎಡವಿದ್ದು ಈ ಹಳೆಯ ಹೊಸ್ತಿಲನ್ನೇ ಎಂಬುದು ನನ್ನ ವಾದ.

ವಾದಕ್ಕೆ ನಡುವಿನ ಚರಿತ್ರೆ ಬೇಕು. ನಮ್ಮ ನಾಡಿಗೆ ಮನಃಶಾಸ್ತ್ರ ವಿಶ್ವವಿದ್ಯಾಲಯದ ವಿಷಯವಾಗಿ ಬಂದದ್ದು ಮೈಸೂರಿನ ದಾರಿಯಲ್ಲಿ. ಈ ದೇಶದ ಮೊದಲ ಮನಃಶಾಸ್ತ್ರ ವಿಭಾಗ 1916ರಲ್ಲಿ ಕಲ್ಕತ್ತದಲ್ಲಿ ತೆರೆಯಿತು. ಅದರ ಪಠ್ಯಕ್ರಮದ ಕಲ್ಪನೆಯ ಹಿಂದಿದ್ದವರು ಬ್ರಜೇಂದ್ರನಾಥ ಸೀಲ್. ಅದೇ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದಿದ್ದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿ ಅದಕ್ಕೆ ಆಕಾಶವಾಣಿ ಎಂಬ ಹೆಸರು ನಿಲ್ಲುವಂತೆ ಮಾಡಿದವರೂ ಇವರೇ. ದೂರದಲ್ಲಿದ್ದವರಿಗೆ ಗಾಳಿಯ ಮೂಲಕ ತಿಳಿವಳಿಕೆ ಮುಟ್ಟಿಸುವ ಹಂಬಲ ಈ ನಾಡಿನಲ್ಲಿ ಮೊಳೆತದ್ದು ಒಬ್ಬ ಮನಃಶಾಸ್ತ್ರದ ಮೇಷ್ಟ್ರಲ್ಲಿ ಎಂಬುದು ಆನ್‌ಲೈನ್ ತರಗತಿಗಳ ಕಾಲದಲ್ಲಿ ನೆನೆಯತಕ್ಕ ಸಂಗತಿ. ಆದರೆ ಆ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಪ್ರಯೋಗ ಕಲಿಸಿದ್ದು ರೇಡಿಯೋದಲ್ಲಲ್ಲ, ಪ್ರಯೋಗಾಲಯದಲ್ಲಿ ಪಕ್ಕದಲ್ಲಿ ನಿಂತು.

ಆ ಕಾಲದ ಮನಃಶಾಸ್ತ್ರ ಪದವೀಧರನ ಮುಂದಿದ್ದ ಕೆಲಸಗಳು ಬೆರಳೆಣಿಕೆಯವು. ಕಾಲೇಜಿನಲ್ಲಿ ಪಾಠ ಹೇಳಬಹುದಿತ್ತು, ಶಿಕ್ಷಕರ ತರಬೇತಿ ಶಾಲೆಗೆ ಹೋಗಬಹುದಿತ್ತು, ಅದೃಷ್ಟವಿದ್ದರೆ ಪರೀಕ್ಷೆಗಳನ್ನು ರೂಪಿಸುವ ಕೆಲಸ ಸಿಗುತ್ತಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ವಿ.ವಿ. ಕಾಮತ್ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಅದು ಇಂದಿಗೂ ಬುದ್ಧಿಮಾಂದ್ಯತೆಯ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಬರುವ ಮಕ್ಕಳ ಮುಂದೆ ಬಿಚ್ಚಿಕೊಳ್ಳುತ್ತದೆ. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರ ಆರ್ಥಿಕ-ಸಾಮಾಜಿಕ ಮಟ್ಟದ ಅಳತೆಗೋಲನ್ನು ದೇಶದ ವೈದ್ಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುತ್ತಾರೆ. ಕನ್ನಡ ನೆಲದ ಮನಃಶಾಸ್ತ್ರದ ಕೊಡುಗೆ ಸಣ್ಣದಲ್ಲ ಎನ್ನಲು ಇಷ್ಟು ಸಾಕು. ಆದರೆ ಇವೆಲ್ಲ ಅಳೆಯುವ ಕೆಲಸ, ಕಲಿಸುವ ಕೆಲಸ. ನರಳುವವನ ಎದುರು ಕುಳಿತು ಉಪಚಾರ ಮಾಡುವ ಕೆಲಸಕ್ಕೆ ಎಂ.ಎ. ಒಂದೇ ಸಾಲದು ಎಂಬ ತಿಳಿವಳಿಕೆ ಬೆಂಗಳೂರಿನಲ್ಲಿ ಆಸ್ಪತ್ರೆಯ ರೂಪ ತಾಳಿತು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನಃಶಾಸ್ತ್ರ ಓದಿದವರಿಗಾಗಿ ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ ಶುರುವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆದ ಮೇಲೆ ಡಿಪ್ಲೊಮಾ ಎಂ.ಫಿಲ್. ರೂಪ ತಳೆಯಿತು.

ಎಂ.ಎ. ಆದ ಮೇಲಿನ ಈ ಎರಡನೆಯ ಮೆಟ್ಟಿಲಿನಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಹಳ್ಳಿಯ ಹೆಂಗಸೊಬ್ಬಳು ಆಸ್ಪತ್ರೆಗೆ ಬಂದು “ನನಗೆ ಮನಸ್ಸು ಸರಿಯಿಲ್ಲ” ಎನ್ನುವುದು ಅಪರೂಪ. ಎದೆ ಡವಡವ ಅನ್ನುತ್ತದೆ, ಕೈಕಾಲು ಸೇದುತ್ತದೆ, ಮೈಯೆಲ್ಲ ಉರಿ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾಳೆ. ಪುಸ್ತಕ ಓದಿ ಬಂದ ಕಲಿಕೆಯವರು ಕೂಡಲೇ ಆತಂಕದ ಕಾಯಿಲೆ ಎಂದು ಬರೆದುಬಿಡುತ್ತಾರೆ. ಹಿರಿಯರು ಆ ಹಾಳೆ ನೋಡಿ ಥೈರಾಯ್ಡ್ ಪರೀಕ್ಷೆ ಆಯಿತೇ, ರಕ್ತ ಕಡಿಮೆಯಿದೆಯೇ, ಗಂಡ ಕುಡಿಯುತ್ತಾನೆಯೇ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳಿದಿರಾ ಎನ್ನುತ್ತಾರೆ. ಕೇಳಿಲ್ಲವೆಂದರೆ ಹಾಳೆ ವಾಪಸು ಬರುತ್ತದೆ. ಎರಡು ವರ್ಷ ಹೀಗೆ ಬರೆದು, ಕಾಟು ಹೊಡೆಸಿಕೊಂಡು, ಮತ್ತೆ ಬರೆದಾಗ ಎಲ್ಲಿ ಸುಮ್ಮನಿರಬೇಕು, ಎಲ್ಲಿ ವೈದ್ಯರನ್ನು ಕರೆಯಬೇಕು ಎಂಬ ಅಂದಾಜು ಹತ್ತುತ್ತದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಕ್ಲಿನಿಕಲ್ ಮನಃಶಾಸ್ತ್ರಜ್ಞರ ಪಟ್ಟಿ ಇಡಲು ಹೊರಟಾಗ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಮನಃಶಾಸ್ತ್ರಜ್ಞ ಎಂದರೆ ಯಾರು ಎಂದು ಬರೆದಾಗ, ಎರಡೂ ಹಿಡಿದುಕೊಂಡದ್ದು ಈ ಮೇಲ್ವಿಚಾರಣೆಯ ತರಬೇತಿಯನ್ನೇ. ಇಂದು ಬುದ್ಧಿಮಟ್ಟದ ವರದಿಯ ಕೊನೆಯಲ್ಲಿ ಸಹಿ, ಸಹಿಯ ಕೆಳಗೆ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ತಾಮ್ರಪಟದಲ್ಲಿ ವಿಜಯಕೀರ್ತಿಯ ಹೆಸರು ಮಾಡುತ್ತಿದ್ದ ಕೆಲಸವನ್ನು ಈಗ ಆ ಸಂಖ್ಯೆ ಮಾಡುತ್ತಿದೆ.

ಇನ್ನು ದೂರಶಿಕ್ಷಣದ ಕಥೆ. ಮೈಸೂರು ವಿಶ್ವವಿದ್ಯಾಲಯ ಅಂಚೆಯ ಮೂಲಕ ಪಾಠ ಕಳಿಸಲು ತೊಡಗಿದ್ದು 1969ರಲ್ಲಿ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 1985ರಲ್ಲಿ ಹುಟ್ಟಿದ ಇಗ್ನೊ ಮುಂದೆ ಮನಃಶಾಸ್ತ್ರದ ಎಂ.ಎ.ಯನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ಕಡಬದಂಥ ಹೋಬಳಿ ಊರಿನಲ್ಲಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಓದುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿರಲಿಲ್ಲ. ಆದರೆ ಈ ದಾರಿ ಎಂದೂ ನೆಟ್ಟಗಿರಲಿಲ್ಲ. 2013-14ರಿಂದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ತಪ್ಪಿ, 2018-19ಕ್ಕೆ ಮರಳಿ ಬರುವವರೆಗೆ ಸಾವಿರಾರು ಮಂದಿ ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. 2020ರಲ್ಲಿ ಯುಜಿಸಿ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಒಂದೇ ನಿಯಮಾವಳಿ ತಂದಿತು. 2022ರಲ್ಲಿ ಇಂಥ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಮತ್ತೆ ಸಾರಿತು. ಕೊರೊನಾದ ಏಕಾಂತದಲ್ಲಿ ಮನಸ್ಸಿನ ಆರೋಗ್ಯದ ಮಾತು ಮನೆಮನೆಯಲ್ಲೂ ಬಂದಿತ್ತು. ಆನ್‌ಲೈನ್ ಮನಃಶಾಸ್ತ್ರದ ಜಾಹೀರಾತುಗಳು ಮೊಬೈಲಿನ ತುಂಬ ಹರಿದಾಡಿದವು.

ಸಮ ಎಂಬ ಮಾತು ನಿಜವೇ. ಆದರೆ ಯಾವುದಕ್ಕೆ ಸಮ? ಯಾವುದಾದರೊಂದು ಪದವಿ ಇದ್ದರೆ ಸಾಕು ಎನ್ನುವ ಕೆಲಸಗಳಿಗೆ, ಎಂದರೆ ಕೆ.ಎ.ಎಸ್., ಪಿಡಿಒ, ಬ್ಯಾಂಕ್ ಪರೀಕ್ಷೆಗಳಿಗೆ, ಮಾನ್ಯತೆಯಿರುವ ಆನ್‌ಲೈನ್ ಪದವಿ ಪೂರ್ತಿ ನಡೆಯುತ್ತದೆ. ಎಂ.ಎ. ಮುಗಿಸಿ ನೆಟ್ ಅಥವಾ ಕೆ-ಸೆಟ್ ಪಾಸಾದವರಿಗೆ ಕಾಲೇಜಿನ ಬಾಗಿಲು ತೆರೆದಿದೆ, ವಿಷಯ ಕಲಿಸುವ ಕಾಲೇಜುಗಳು ಕಡಿಮೆ ಎಂಬ ತೊಡಕಿನೊಂದಿಗೆ. ಎಚ್‌ಐವಿ ಪರೀಕ್ಷಾ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್, ಮಹಿಳೆ ಮತ್ತು ಮಕ್ಕಳ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳು ಆಪ್ತ ಸಮಾಲೋಚಕರನ್ನು ತೆಗೆದುಕೊಳ್ಳುತ್ತವೆ. ಬಹುಪಾಲು ಗುತ್ತಿಗೆಯ ಮೇಲೆ, ಸಮಾಜಕಾರ್ಯ ಓದಿದವರ ಪೈಪೋಟಿಯಲ್ಲಿ. ಕಾರ್ಖಾನೆಗಳ ಎಚ್.ಆರ್. ವಿಭಾಗಕ್ಕೂ ಹೋಗಬಹುದು, ವಸಂತನರಸಾಪುರದ ಕೈಗಾರಿಕಾ ಪ್ರದೇಶ ತುಮಕೂರಿನವರಿಗೆ ದೂರವಲ್ಲ. ಇಷ್ಟರಲ್ಲಿ ಎಲ್ಲೂ ಇಲ್ಲದ್ದು ಜಾಹೀರಾತಿನಲ್ಲಿ ಎದ್ದು ಕಾಣುತ್ತಿದ್ದ ಚಿತ್ರ: ಸೋಫಾ, ಎದುರಿಗೆ ಅಳುವ ಮನುಷ್ಯ, ನೋಟ್‌ಬುಕ್ ಹಿಡಿದ ಚಿಕಿತ್ಸಕಿ. ಆ ಕುರ್ಚಿಗೆ ಎರಡನೆಯ ಮೆಟ್ಟಿಲು ಬೇಕು, ಎರಡನೆಯ ಮೆಟ್ಟಿಲಿನ ಸೀಟುಗಳು ಕೆಲವೇ, ಅದರ ಪ್ರವೇಶ ಪರೀಕ್ಷೆ ಕಠಿಣ ಎಂಬುದನ್ನು ಸಣ್ಣ ಅಕ್ಷರದಲ್ಲೂ ಹೇಳದೆ ಫೀಸು ಕಟ್ಟಿಸಿಕೊಂಡವರ ನಡತೆಯನ್ನು ಮೋಸವೆಂದೇ ಕರೆಯುತ್ತೇನೆ.

2025ರ ಜುಲೈನಲ್ಲಿ ನಡೆದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. 2021ರ ಅಲೈಡ್ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಕೂಡದು ಎಂಬ ಶಿಫಾರಸನ್ನು ಯುಜಿಸಿ 23ನೇ ತಾರೀಖಿನ ಸಭೆಯಲ್ಲಿ ಒಪ್ಪಿಕೊಂಡಿತು. ಮನಃಶಾಸ್ತ್ರವೂ ಆ ಪಟ್ಟಿಯಲ್ಲಿತ್ತು. ಅದೇ ಸಾಲಿನಿಂದ ಹೊಸ ಪ್ರವೇಶ ನಿಂತಿತು. ಅದಾದ ಎರಡೇ ದಿನಕ್ಕೆ, 25ರಂದು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ಇಟ್ಟುಕೊಳ್ಳಬೇಕು ಎಂದಿತು. ಒಂದು ಕೈ ಬೇಡಿಕೆಯನ್ನು ಹಿಗ್ಗಿಸಿತು, ಇನ್ನೊಂದು ಕೈ ಪೂರೈಕೆಯ ಒಂದು ದಾರಿಯನ್ನು ಮುಚ್ಚಿತು. ಯುಜಿಸಿಯ ನಡೆ ಹೊಸದೇನಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು 2017ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದಾಗಲೂ ಪ್ರಯೋಗಾಲಯವಿಲ್ಲದ ಕಲಿಕೆಯ ಪ್ರಶ್ನೆ ಎದ್ದಿತ್ತು.

ಮೇಲ್ವಿಚಾರಣೆ ಬೇಕೇ ಬೇಕು ಎಂಬ ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಮನಃಶಾಸ್ತ್ರದ ಡಿಗ್ರಿ, ಎಂ.ಫಿಲ್. ಯಾವುದೂ ಇಲ್ಲದವರೇ ಮನಸ್ಸಿನ ಉಪಚಾರ ಮಾಡಿ ಗೆದ್ದ ಉದಾಹರಣೆಗಳಿರುವಾಗ ನೋಂದಣಿ ಸಂಖ್ಯೆಯ ಮಡಿ ಯಾಕೆ ಎಂದು ಕೇಳಬಹುದು. ಉದಾಹರಣೆಗಳು ನಿಜ, ಮೊದಲನೆಯದು ನಮ್ಮದೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಲು, ಔಷಧ ಕೊಡಲು, ಮನೆಗೆ ಹೋಗಿ ವಿಚಾರಿಸಲು ಕಲಿಸಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸ್ಥಳೀಯರನ್ನೇ ತರಬೇತುಗೊಳಿಸಿ ಖಿನ್ನತೆಯ ಆರೈಕೆ ಮಾಡಿಸಿ, ಫಲಿತಾಂಶವನ್ನು ಅಳೆದು ತೋರಿಸಿದರು. ಬೆಂಗಳೂರಿನಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಸ್ವಯಂಸೇವಕರನ್ನು ಸಮಾಲೋಚನೆಗೆ ಪಳಗಿಸಿದರು. ಆದರೆ ಈ ಮೂರರಲ್ಲೂ ಸಾಮಾನ್ಯವಾದ ಸಂಗತಿಯನ್ನು ಗಮನಿಸಿ. ಕೆಲಸ ಮಾಡಿದವರ ಬಳಿ ಮನಃಶಾಸ್ತ್ರದ ಪದವಿ ಇರಲಿಲ್ಲ, ಆದರೆ ತಲೆಯ ಮೇಲೆ ಒಬ್ಬ ಹಿರಿಯರಿದ್ದರು. ಕೈಮೀರಿದ ಪ್ರಕರಣವನ್ನು ಒಪ್ಪಿಸಲು ಒಂದು ಜಾಗವಿತ್ತು. ಹಾಗಾಗಿ ಈ ಉದಾಹರಣೆಗಳು ನನ್ನ ವಾದವನ್ನು ಬೀಳಿಸುವ ಬದಲು ಎತ್ತಿ ನಿಲ್ಲಿಸುತ್ತವೆ: ಪದವಿಯಿಲ್ಲದೆ ಮೇಲ್ವಿಚಾರಣೆ ಇದ್ದಾಗ ಕೆಲಸ ನಡೆದಿದೆ, ಮೇಲ್ವಿಚಾರಣೆಯಿಲ್ಲದೆ ಪದವಿ ಒಂದೇ ಇದ್ದಾಗ ನಿಂತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಕೂಡ ಇದೇ ಕ್ರಮದ್ದು. 14416ಕ್ಕೆ ಕರೆ ಮಾಡಿದರೆ ಮೊದಲು ಮಾತನಾಡುವವರು ತರಬೇತಿ ಪಡೆದ ಸಮಾಲೋಚಕರು, ಅವರ ಹಿಂದೆ ತಜ್ಞರು, ಎಲ್ಲದರ ಮೇಲೆ ನಿಮ್ಹಾನ್ಸ್.

ಇನ್ನೊಂದು ಆಕ್ಷೇಪ ನ್ಯಾಯದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ಗುರುಪರಂಪರೆ, ಮೇಲ್ವಿಚಾರಣೆ ಎನ್ನುವುದೆಲ್ಲ ಬೆಂಗಳೂರಿನಲ್ಲಿ ಮನೆ ಇದ್ದವರ ಮಾತು. ಕಡಬದ ಹುಡುಗಿ ದಿನವೂ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ ಬರುವುದು ಆಗುವ ಹೋಗುವ ಕೆಲಸವೇ? ಇದ್ದ ಒಂದು ಬಾಗಿಲನ್ನೂ ಗುಣಮಟ್ಟದ ಹೆಸರಿನಲ್ಲಿ ಮುಚ್ಚಿದರೆ ಈ ವಿದ್ಯೆ ಮತ್ತೆ ಕೆಲವರ ಸ್ವತ್ತಾಗುವುದಿಲ್ಲವೇ? ಆಗುತ್ತದೆ. ಹಿಂದೆಯೂ ಆಗಿತ್ತು, ಅರ್ಕಕೀರ್ತಿಯ ನೆರವು ಸಿಕ್ಕಿದ್ದು ಕುಣಿಗಲ್ ಸೀಮೆಯ ಒಡೆಯನಿಗೆ, ಜಾಲಮಂಗಲದ ರೈತನ ಶನಿಯನ್ನು ಯಾರು ಬಿಡಿಸಿದರು ಎಂದು ಬರೆದಿಡಲು ಯಾರೂ ತಾಮ್ರ ಕಾಯಿಸಲಿಲ್ಲ. ಆದರೆ ಬಾಗಿಲು ಮುಚ್ಚಿದ್ದು ತಪ್ಪು ಎನ್ನುವವರು ಆ ಬಾಗಿಲ ಆಚೆಗೆ ಏನಿತ್ತು ಎಂಬುದನ್ನೂ ನೋಡಬೇಕು. ಆಚೆಗೆ ಗೋಡೆಯಿತ್ತು. ಪದವಿಯನ್ನು ಹಳ್ಳಿಗೆ ತಂದುಕೊಟ್ಟ ಸರ್ಕಾರ ತರಬೇತಿಯನ್ನು ಜಿಲ್ಲೆಗೂ ತರಲಿಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕಾಯಿಲೆಯನ್ನು ನೋಡಿಕೊಂಡು ಹೇಳುವುದಾದರೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದಕ್ಕುತ್ತಿರಲಿಲ್ಲ. ಇಷ್ಟೊಂದು ಕೆಲಸ ಬಿದ್ದಿರುವ ನಾಡಿನಲ್ಲಿ ಆ ವಿಷಯದ ಪದವೀಧರರು ಕೆಲಸವಿಲ್ಲದೆ ಕೂತಿದ್ದಾರೆ ಎಂದರೆ ಕೊರತೆ ಅವರದ್ದಲ್ಲ. ನಡುವಿನ ಮೆಟ್ಟಿಲನ್ನು ಕಟ್ಟಬೇಕಿದ್ದವರದ್ದು.

ಕಟ್ಟಲು ಬೇಕಾದ ಕಲ್ಲು ಹತ್ತಿರದಲ್ಲೇ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಕರ್ನಾಟಕದಲ್ಲಿದೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ, ಬಳ್ಳಾರಿಯ ಅನುಭವವಿದೆ. ತುಮಕೂರು ಜಿಲ್ಲಾ ಆಸ್ಪತ್ರೆಯನ್ನು ಕೇಂದ್ರ ಮಾಡಿಕೊಂಡು, ಗುಬ್ಬಿ, ಕುಣಿಗಲ್ ಆಸ್ಪತ್ರೆಗಳ ಮಂಗಳವಾರದ ಕ್ಲಿನಿಕ್ಕಿನಲ್ಲಿ ಮನಃಶಾಸ್ತ್ರ ಓದಿದವರನ್ನು ಸ್ಟೈಪೆಂಡ್ ಕೊಟ್ಟು ಒಂದು ವರ್ಷ ಕೂರಿಸಿ, ಅವರು ಬರೆದ ಹಾಳೆಯನ್ನು ಒಬ್ಬ ಹಿರಿಯರು ತಿದ್ದುವಂತೆ ಮಾಡಿದರೆ, ಸುಪ್ರೀಂ ಕೋರ್ಟು ಕೇಳಿರುವ ಶಾಲಾ ಸಮಾಲೋಚಕರು ಜಿಲ್ಲೆಯೊಳಗೇ ಸಿಗುತ್ತಾರೆ. ಅವರು ಕ್ಲಿನಿಕಲ್ ಮನಃಶಾಸ್ತ್ರಜ್ಞರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಯಾರನ್ನು ಯಾವಾಗ ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿದವರಾದರೆ ಶಾಲೆಗೆ ಸಾಕು.

ಈಗಾಗಲೇ ಪದವಿ ಪಡೆದವರು ಗಾಬರಿಯಾಗಬೇಕಿಲ್ಲ. ಯುಜಿಸಿಯ ತಡೆ 2025ರ ಜುಲೈ-ಆಗಸ್ಟ್ ಸಾಲಿನಿಂದ ಮುಂದಿನ ಪ್ರವೇಶಗಳಿಗೆ. ಅದಕ್ಕೆ ಮುಂಚೆ ಮಾನ್ಯತೆಯಿದ್ದ ವಿಶ್ವವಿದ್ಯಾಲಯದಲ್ಲಿ ಸೇರಿದವರ ಪದವಿ ಇದರಿಂದ ಬಿದ್ದುಹೋಗುವುದಿಲ್ಲ. ಇನ್ನು ಮುಂದೆಯೂ ಯಾರಾದರೂ ಫೋನು ಮಾಡಿ ಮನೆಯಲ್ಲೇ ಕುಳಿತು ಮನಃಶಾಸ್ತ್ರಜ್ಞರಾಗಿ ಎಂದು ಸೀಟು ಕೊಡಲು ಬಂದರೆ ಹಣ ಕಟ್ಟಬೇಡಿ.